ಗುಡಿ, ಚರ್ಚು, ಮಸೀದಿ ಮಟ್ಟದಲ್ಲಿ ಮಾನವ ಸಾಗಾಣಿಕೆ ತಡೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂದರೆ ತಾಯಿ ಹಣ್ಣುಕಾಯಿ ಹಿಡಿದು ಗುಡಿಗೆ ಬರುತ್ತಾಳೆ. ಮಗ ಸೌದಿಗೆ ಹೊರಟರೆ ಮನೆಯವರು ಇಮಾಮ್ ಸಾಹೇಬರ ಹತ್ತಿರ ದುವಾ ಮಾಡಿಸುತ್ತಾರೆ. ಕುವೈತಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸು ಹೊರಡುವ ಮುಂಚಿನ ಭಾನುವಾರ ಫಾದರ್ ಹತ್ತಿರ ಆಶೀರ್ವಾದ ಕೇಳುತ್ತಾಳೆ. ಪೊಲೀಸರಿಗೆ ಇವರ ಹೆಸರು ಗೊತ್ತಾಗುವುದು ಎಷ್ಟೋ ದಿನ ಆದ ಮೇಲೆ, ಫೋನ್ ಸ್ವಿಚ್ ಆಫ್ ಆದ ಮೇಲೆ.

ಅಂದರೆ ಯಾರು ಹೊರಟರು, ಯಾರ ಜೊತೆ ಹೊರಟರು ಅನ್ನುವುದು ಎಲ್ಲರಿಗಿಂತ ಮೊದಲು ತಿಳಿಯುವುದು ಧಾರ್ಮಿಕ ಸಂಸ್ಥೆಗೆ. ವಾಪಸ್ ಬಂದವರನ್ನು ಊರು ಸೇರಿಸಿಕೊಳ್ಳಬೇಕೋ ಬೇಡವೋ ಅನ್ನುವುದರಲ್ಲೂ ಅದರ ಮಾತು ನಡೆಯುತ್ತದೆ. ಹೊರಡುವ ಮೊದಲು, ಬಂದ ನಂತರ: ಈ ಎರಡು ಹೊತ್ತಿನಲ್ಲಿ ನೀವು ಮಾಡಬಹುದಾದದ್ದನ್ನು ಬೇರೆಯವರು ಮಾಡುವುದು ಕಷ್ಟ. ನಡುವಿನ ದಾಳಿ, ಬಿಡಿಸಿ ತರುವುದು, ಬಂಧನ ಇವೆಲ್ಲ ಪೊಲೀಸರ ಕೆಲಸ. ಅದನ್ನು ಅವರಿಗೇ ಬಿಡಿ.

ಈ ಮಾರ್ಗದರ್ಶಿ ದೇವಸ್ಥಾನದ ಆಡಳಿತ ಮಂಡಳಿ, ಜಮಾತ್, ಚರ್ಚಿನ ಪಾಲನಾ ಮಂಡಳಿ, ಮಠ, ಮಹಿಳಾ ಭಜನಾ ಮಂಡಳಿ, ಎಲ್ಲರಿಗೂ. ಹೆಚ್ಚಿನ ಉದಾಹರಣೆಗಳು ಕರ್ನಾಟಕದವು.

ಹೆಜ್ಜೆ 1: ಯಾವುದು ಸಾಗಾಣಿಕೆ, ಯಾವುದು ಅಲ್ಲ

ಕೆಲಸ ಹುಡುಕಿಕೊಂಡು ಊರು ಬಿಡುವುದು ತಪ್ಪಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತವೆ. ಹೋಗುವವರನ್ನೆಲ್ಲ ಅನುಮಾನದಿಂದ ನೋಡಿದರೆ ನಿಮ್ಮ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಅಂದರೆ ಹಿಂದಿನ ಐಪಿಸಿ 370, ಮೂರು ವಿಷಯ ನೋಡುತ್ತದೆ. ಒಬ್ಬರನ್ನು ಕರೆದುಕೊಂಡು ಹೋದರಾ, ಸಾಗಿಸಿದರಾ, ಇಟ್ಟುಕೊಂಡರಾ? ಅದಕ್ಕೆ ಮೋಸ, ಬೆದರಿಕೆ, ಒತ್ತಾಯ ಅಥವಾ ಹಣದ ಆಸೆ ಬಳಸಿದರಾ? ಉದ್ದೇಶ ಶೋಷಣೆಯಾ? ಲೈಂಗಿಕ ಶೋಷಣೆ, ಜೀತ, ಅಂಗಾಂಗ ತೆಗೆಯುವುದು, ಭಿಕ್ಷೆ ಬೇಡಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ಶಿಕ್ಷೆ ಕನಿಷ್ಠ 7 ವರ್ಷ. ಮಗುವಾದರೆ ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಊರಲ್ಲಿ ಜಾಸ್ತಿ ಕೇಳಿಬರುವ ಮಾತು "ಅವಳೇ ಒಪ್ಪಿ ಹೋದಳಲ್ಲ" ಅನ್ನುವುದು. ಕಾನೂನು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಪ್ಪಿ ಹೋದರೂ ಅಪರಾಧ ಅಪರಾಧವೇ. ಸಮಿತಿಯ ಮೊದಲ ಸಭೆಯಲ್ಲಿ ಈ ಒಂದು ಮಾತನ್ನು ಎಲ್ಲರಿಗೂ ಮನದಟ್ಟು ಮಾಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 2: ಮೊದಲು ನಮ್ಮ ಮನೆ ಸ್ವಚ್ಛ ಮಾಡಿಕೊಳ್ಳೋಣ

ಎಲ್ಲರೂ ಹಾರಿ ಮುಂದೆ ಹೋಗುವ ಹೆಜ್ಜೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ದೇವರ ಹೆಸರಿನಲ್ಲೇ ಹೆಣ್ಣುಮಕ್ಕಳನ್ನು ಶೋಷಣೆಗೆ ತಳ್ಳಿದ ಇತಿಹಾಸ ನಮ್ಮ ನೆಲದಲ್ಲಿದೆ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು. ಆಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಈಗ ಪೊಲೀಸ್ ಕಾವಲು, ಎಚ್ಚರಿಕೆಯ ಫಲಕ ಎಲ್ಲ ಇರುತ್ತದೆ. ಆದರೆ ಮುತ್ತು ಕಟ್ಟುವುದಕ್ಕೆ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುವುದಕ್ಕೆ, ದೊಡ್ಡ ಗುಡಿಯೇ ಬೇಕಾಗಿಲ್ಲ. ಮನೆಯಲ್ಲಿ ಅಥವಾ ಊರಾಚೆಯ ಸಣ್ಣ ಗುಡಿಯಲ್ಲಿ ರಾತ್ರೋರಾತ್ರಿ ಮುಗಿಸುತ್ತಾರೆ. ಹಾಗಾಗಿ ನಿಗಾ ಬೇಕಿರುವುದು ಸಣ್ಣ ಗುಡಿಗಳ ಮೇಲೆ.

ಇದು ಜಡೆಯಿಂದ ಶುರುವಾಗುವುದೂ ಉಂಟು. ಹುಡುಗಿಯ ಕೂದಲು ಸರಿಯಾಗಿ ತೊಳೆಯದೆ, ಬಾಚದೆ, ಎಣ್ಣೆ ಧೂಳು ಸೇರಿ ಗಂಟುಗಟ್ಟುತ್ತದೆ. ಯಾರೋ ಒಬ್ಬರು "ಅಮ್ಮ ಕರೀತಿದ್ದಾಳೆ" ಅಂತಾರೆ. ಭಂಡಾರ ಹಚ್ಚಿ ಪೂಜೆ ಶುರುವಾಯಿತೆಂದರೆ ಮುಗಿಯಿತು. ಆಮೇಲೆ ಬಾಚುವಂತಿಲ್ಲ, ಕತ್ತರಿಸುವಂತಿಲ್ಲ, ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಡಾಕ್ಟರೋ ಟೀಚರೋ ಬಂದು ಇದು ಬರೀ ಕೊಳೆ ಅಂದರೆ ಮನೆಯವರು ಕೇಳುವುದಿಲ್ಲ, ಅಮ್ಮನ ಸಿಟ್ಟಿಗೆ ಹೆದರುತ್ತಾರೆ. ಪೂಜಾರಿಯೇ ಮುಂದೆ ನಿಂತು "ಇದು ಅಮ್ಮನ ಕರೆ ಅಲ್ಲ, ಕೂದಲು ಕತ್ತರಿಸಿ, ದೋಷವಿದ್ದರೆ ನನಗಿರಲಿ" ಅಂದರೆ ಕೇಳುತ್ತಾರೆ. ಈ ಒಂದು ಮಾತು ಹೇಳುವ ಅಧಿಕಾರ ಜಿಲ್ಲಾಧಿಕಾರಿಗೂ ಇಲ್ಲ, ಅಲ್ವಾ? ಯಲ್ಲಮ್ಮ, ಹುಲಿಗೆಮ್ಮನ ಒಕ್ಕಲು ಇರುವ ಊರುಗಳಲ್ಲಿ ಪೂಜಾರಿಗಳನ್ನು, ಜೋಗತಿಯರನ್ನು ಕೂರಿಸಿಕೊಂಡು ಈ ವಿಷಯ ಮಾತಾಡಿ. ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ 'ಮಾಸ್' ಸಂಸ್ಥೆಯವರು ಈ ಕೆಲಸ ವರ್ಷಗಳಿಂದ ಮಾಡುತ್ತಿದ್ದಾರೆ. ಅಂಥವರನ್ನು ಕರೆಸಿದರೆ ಭಾಷಣಕ್ಕಿಂತ ಜಾಸ್ತಿ ಪರಿಣಾಮ.

ಎರಡನೆಯದು ಮಕ್ಕಳನ್ನು ಇಟ್ಟುಕೊಳ್ಳುವ ಜಾಗಗಳು. ಅನಾಥ ಮಕ್ಕಳನ್ನು, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಆಶ್ರಮ, ಯತೀಂಖಾನೆ, ಚರ್ಚಿನ ಬಾಲಭವನ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಆಗಿಲ್ಲದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ದೇವರ ಕೆಲಸಕ್ಕೆ ಲೈಸೆನ್ಸ್ ಯಾಕೆ ಅನ್ನುವವರಿಗೆ ಒಂದೇ ಉತ್ತರ: ನೋಂದಣಿ ಇಲ್ಲದ ಕಡೆ ಎಷ್ಟು ಮಕ್ಕಳು ಬಂದರು, ಎಷ್ಟು ಹೋದರು ಅಂತ ಕೇಳುವವರೇ ಇರುವುದಿಲ್ಲ.

ಗುಡಿ ಮೆಟ್ಟಿಲ ಮೇಲೆ ಯಾರೋ ಹಸುಗೂಸು ಬಿಟ್ಟು ಹೋಗಿರುತ್ತಾರೆ. ಮಕ್ಕಳಿಲ್ಲದ ಭಕ್ತ ದಂಪತಿಗೆ ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಕೊಡಬೇಡಿ. 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ದತ್ತು ಕಾನೂನಿನ ದಾರಿಯಲ್ಲೇ ಆಗಬೇಕು. ಮಗು ಮಾರುವ ಜಾಲಗಳು ನಡೆಯುವುದೇ ಇಂಥ ಪುಣ್ಯದ ಮಾತಿನ ಮರೆಯಲ್ಲಿ.

ಹೆಜ್ಜೆ 3: ಸಣ್ಣ ತಂಡ ಕಟ್ಟಿ

ಐದಾರು ಜನ ಸಾಕು. ಅರ್ಧಕ್ಕಿಂತ ಜಾಸ್ತಿ ಹೆಂಗಸರಿರಲಿ. ಒಬ್ಬ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಇದ್ದರೆ ಊರಿನ ಯಾವ ಮನೆಯಲ್ಲಿ ಯಾವ ಮಗು ಕಾಣಿಸುತ್ತಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಕಾವಲು ಸಮಿತಿ ನಿಮ್ಮಲ್ಲಿ ಇದೆಯಾ ಅಂತ ಪಿಡಿಓ ಅವರನ್ನು ಕೇಳಿ. ಕಾಗದದ ಮೇಲೆ ಮಾತ್ರ ಇದ್ದರೆ ನಿಮ್ಮ ತಂಡವೇ ಅದಕ್ಕೆ ಜೀವ ತುಂಬಬಹುದು.

ಒಂದೇ ಧರ್ಮದವರು ಮಾತ್ರ ಕೂತು ಮಾಡಬೇಡಿ. ಏಜೆಂಟನಿಗೆ ಜಾತಿ ಧರ್ಮದ ಹಂಗಿಲ್ಲ, ಬಡವರ ಮನೆ ಸಿಕ್ಕರೆ ಸಾಕು. 2014ರ ಡಿಸೆಂಬರ್ 2ರಂದು ವ್ಯಾಟಿಕನ್‌ನಲ್ಲಿ ಪೋಪ್ ಫ್ರಾನ್ಸಿಸ್, ಮಾತಾ ಅಮೃತಾನಂದಮಯಿ ಮತ್ತು ಬೌದ್ಧ, ಮುಸ್ಲಿಂ, ಯಹೂದಿ ಧರ್ಮಗಳ ಮುಖಂಡರು ಆಧುನಿಕ ಗುಲಾಮಗಿರಿಯ ವಿರುದ್ಧ ಒಂದೇ ಘೋಷಣೆಗೆ ಸಹಿ ಹಾಕಿದರು. ಅಲ್ಲಿ ಒಟ್ಟಿಗೆ ಕೂರಬಹುದಾದರೆ ಹೋಬಳಿ ಮಟ್ಟದಲ್ಲೂ ಕೂರಬಹುದು. ಸಾಗಾಣಿಕೆ ತಡೆಯಲು ಕ್ಯಾಥೊಲಿಕ್ ಸಿಸ್ಟರ್‌ಗಳು ಕಟ್ಟಿದ 'ತಲಿತಾ ಕುಂ' ಜಾಲ 2009ರಿಂದ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಭಾರತದ ಸಿಸ್ಟರ್‌ಗಳದು 'ಅಮ್ರತ್' ಅನ್ನುವ ಜಾಲ. ಬೆಂಗಳೂರಿನ ರೈಲು, ಬಸ್ ನಿಲ್ದಾಣಗಳಲ್ಲಿ ಒಂಟಿಯಾಗಿ ಇಳಿಯುವ ಮಕ್ಕಳಿಗಾಗಿ ಡಾನ್ ಬಾಸ್ಕೋದ 'ಬಾಸ್ಕೋ' 1980ರಿಂದ ಇದೆ. ನಿಮ್ಮ ಊರಿನ ಹುಡುಗ ಮನೆ ಬಿಟ್ಟು ಓಡಿಹೋದರೆ ಇಂಥ ಕಡೆಯೂ ಒಂದು ಫೋನ್ ಮಾಡಬೇಕು.

ಒಂದು ಷರತ್ತು ಮೊದಲೇ ಇಟ್ಟುಕೊಳ್ಳಿ. ಸಹಾಯಕ್ಕೆ ಪ್ರತಿಯಾಗಿ ಯಾರನ್ನೂ ನಮ್ಮ ಧರ್ಮಕ್ಕೆ, ನಮ್ಮ ಪಂಥಕ್ಕೆ ಕರೆಯುವುದಿಲ್ಲ ಅಂತ. ಇದು ಒಡೆದ ದಿನ ತಂಡವೂ ಒಡೆಯುತ್ತದೆ.

ಹೆಜ್ಜೆ 4: ಮದುವೆಯ ಅರ್ಜಿ ಮೇಜು

ಸಾಮೂಹಿಕ ವಿವಾಹ ಮಾಡಿಸುವ ಪ್ರತಿ ಗುಡಿ, ಮಠಕ್ಕೂ ಈ ಹೆಜ್ಜೆ ಕಡ್ಡಾಯ ಅಂದುಕೊಳ್ಳಿ.

ಆಧಾರ್ ಕಾರ್ಡ್ ನೋಡಿ ವಯಸ್ಸು ಒಪ್ಪಬೇಡಿ. ಎಷ್ಟೋ ಕಾರ್ಡ್‌ಗಳಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತದೆ, ಅಂದಾಜಿನಲ್ಲಿ ಬರೆಸಿದ್ದು. ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ದಾಖಲೆ ಕೇಳಿ. ಅದಿಲ್ಲದಿದ್ದರೆ ಜನನ ಪ್ರಮಾಣ ಪತ್ರ. ಎರಡೂ ಇಲ್ಲ ಅಂದರೆ ಹುಡುಗಿ ಓದಿದ ಶಾಲೆಗೇ ಫೋನ್ ಮಾಡಿ. ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. 2006ರ ಬಾಲ್ಯ ವಿವಾಹ ನಿಷೇಧ ಕಾಯ್ದೆ ಪ್ರಕಾರ ಅಂಥ ಮದುವೆ ನಡೆಸಿಕೊಟ್ಟ ಪುರೋಹಿತ, ಖಾಜಿ, ಪಾದ್ರಿಗೂ ಎರಡು ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಆಗಬಹುದು. ಕರ್ನಾಟಕದ ತಿದ್ದುಪಡಿಯಂತೆ ಇಲ್ಲಿ ಬಾಲ್ಯ ವಿವಾಹ ಮೊದಲಿನಿಂದಲೇ ಅಸಿಂಧು.

ಮುಂದಿನದು ಹೊರ ರಾಜ್ಯದ ವರ. ಧಾರವಾಡ, ಹಾವೇರಿ ಕಡೆ ಜನ 'ಗುಜ್ಜರ್ ಮದುವೆ' ಅನ್ನುತ್ತಾರೆ. ಗುಜರಾತ್, ರಾಜಸ್ಥಾನದ ಕಡೆಯಿಂದ ವರ ಬರುತ್ತಾನೆ. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ ಅಂತಾನೆ. ನಡುವೆ ಒಬ್ಬ ಬ್ರೋಕರ್. ಮೂರು ಹೆಣ್ಣುಮಕ್ಕಳಿರುವ ಬಡ ತಂದೆಗೆ ಇದು ದೇವರೇ ಕೊಟ್ಟ ಸಂಬಂಧದ ಹಾಗೆ ಕಾಣುತ್ತದೆ. ಇಂಥ ಎಲ್ಲ ಮದುವೆಯೂ ಮೋಸ ಅಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆಗಳಿವೆ.

ಮದುವೆ ಖರ್ಚು ಯಾರು ಕೊಟ್ಟರು? ಬ್ರೋಕರ್‌ಗೆ ಎಷ್ಟು ಹೋಯಿತು? ಹುಡುಗಿಯ ಮನೆಯವರು ವರನ ಊರಿಗೆ ಒಮ್ಮೆಯಾದರೂ ಹೋಗಿ ಬಂದಿದ್ದಾರಾ? ಹುಡುಗಿಗೆ ಆ ಕಡೆ ಭಾಷೆ ಬರುತ್ತದಾ? ಅವಳ ಕೈಯಲ್ಲಿ ಅವಳದೇ ಫೋನ್ ಇರುತ್ತದಾ? ವರನ ಊರಿನ ಪಂಚಾಯಿತಿಗೋ ಅಲ್ಲಿನ ಗುಡಿಯ ಟ್ರಸ್ಟಿಗೋ ನೀವೇ ಫೋನ್ ಮಾಡಿ. ಬ್ರೋಕರ್ ಕೊಟ್ಟ ನಂಬರಿಗೆ ಅಲ್ಲ, ಬೇರೆ ದಾರಿಯಲ್ಲಿ ಹುಡುಕಿದ ನಂಬರಿಗೆ. ಹುಡುಗಿಯನ್ನು ತಂಡದ ಒಬ್ಬ ಹೆಂಗಸು ಒಂಟಿಯಾಗಿ ಮಾತಾಡಿಸಲಿ. ತಾಯಿಯೂ ಪಕ್ಕದಲ್ಲಿ ಬೇಡ.

ಚರ್ಚಿನಲ್ಲಿ ಮದುವೆಗೆ ಮುಂಚೆ ಭಾನುವಾರಗಳಂದು ಪ್ರಕಟಣೆ ಓದುವ ಪದ್ಧತಿ ಇದೆಯಲ್ಲ, ಅದು ಇಂಥ ಮೋಸಕ್ಕೆ ಒಳ್ಳೆಯ ತಡೆ. ಗುಡಿಯವರೂ ಜಮಾತಿನವರೂ ಹದಿನೈದು ದಿನ ಮೊದಲು ವಧೂವರರ ಹೆಸರು, ಊರು ನೋಟಿಸ್ ಬೋರ್ಡಿಗೆ ಹಾಕಿದರೆ ಏನೂ ಖರ್ಚಿಲ್ಲ. ಆತುರದ ಬ್ರೋಕರ್ ಅಷ್ಟು ದಿನ ಕಾಯುವುದಿಲ್ಲ.

ಹೆಜ್ಜೆ 5: ಹೊರಡುವವರ ಪುಸ್ತಕ

ದೂರದ ಊರಿಗೆ ಕೆಲಸಕ್ಕೆ ಹೊರಟವರು ಆಶೀರ್ವಾದಕ್ಕೆ ಬಂದಾಗ ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಒಪ್ಪಿದರೆ ಮಾತ್ರ. ಹೆಸರು, ಹೋಗುವ ಊರು, ಕೆಲಸ ಕೊಡಿಸಿದವನ ಹೆಸರು ಮತ್ತು ಫೋನ್, ಗುರುತಿನ ಚೀಟಿಯ ನಕಲು, ಒಂದು ಫೋಟೊ. ಪುಸ್ತಕ ಬೀಗದಲ್ಲಿರಲಿ. ಏಜೆಂಟನೂ ಜೊತೆಗೆ ಬಂದಿದ್ದರೆ ಅವನ ಎದುರಿಗೇ ಅವನ ವಿವರ ಕೇಳಿ. ಸಾಚಾ ಆಗಿದ್ದರೆ ಕೊಡುತ್ತಾನೆ.

ಜೊತೆಗೆ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. "ಪ್ರಸಾದ ಕಳಿಸಿಕೊಡಿ" ಅಂತ ಫೋನಿನಲ್ಲಿ ಹೇಳಿದರೆ ಕಷ್ಟದಲ್ಲಿದ್ದೇನೆ ಅಂತ ಅರ್ಥ. ಪಕ್ಕದಲ್ಲಿ ಮಾಲೀಕ ಇದ್ದರೂ ಇಷ್ಟು ಹೇಳಬಹುದು.

ವಿದೇಶಕ್ಕಾದರೆ ಇನ್ನೂ ನಾಲ್ಕು ವಿಷಯ ನೋಡಿ. ಏಜೆಂಟ್ ಕೇಂದ್ರ ಸರ್ಕಾರದ ಇಮೈಗ್ರೇಟ್ (eMigrate) ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದಾನಾ ಅಂತ ಯಾರ ಮೊಬೈಲಿನಲ್ಲಾದರೂ ನೋಡಬಹುದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ತೆಗೆದುಕೊಳ್ಳಬಹುದಾದ್ದು ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ನಿಲ್ಲಿಸಿ. ಕೆಲಸಕ್ಕೆ ಅಂತ ಹೇಳಿ ವಿಸಿಟ್ ವೀಸಾ ಕೊಟ್ಟರೆ ಹೋಗಲೇಬಾರದು. ಅಲ್ಲಿ ಇಳಿದ ಮೇಲೆ ಕಾನೂನಿನ ರಕ್ಷಣೆ ಕೇಳುವುದೇ ಕಷ್ಟವಾಗುತ್ತದೆ. ಅನುಮಾನವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800-11-3090ಕ್ಕೆ ಫೋನ್ ಮಾಡಿ, ಉಚಿತ.

ಓದಿದ ಹುಡುಗರೂ ಈಗ ಸಿಕ್ಕಿಬೀಳುತ್ತಿದ್ದಾರೆ. ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಹೇಳಿ ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ನ ಮ್ಯಾವಾಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಿಗೆ ಸಾಗಿಸುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸ ಹಚ್ಚುತ್ತಾರೆ. ಯುವಕ ಮಂಡಳಿಯ ಸಭೆಯಲ್ಲಿ ಇದನ್ನು ಹೇಳಿ. ಅವರು ತಮ್ಮನ್ನು ಯಾರೂ ಮಾರಲಾರರು ಅಂದುಕೊಂಡಿರುತ್ತಾರೆ.

ಹೆಜ್ಜೆ 6: ಕಣ್ಣೆದುರಿಗೇ ಇರುವ ಜೀತ

ಊರಿನಿಂದ ಹೋದವರನ್ನಷ್ಟೇ ಅಲ್ಲ, ಊರಿಗೆ ಬಂದವರನ್ನೂ ನೋಡಬೇಕು. ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿಗಳಲ್ಲಿ ಒಡಿಶಾದಿಂದಲೋ ಪಕ್ಕದ ಜಿಲ್ಲೆಯಿಂದಲೋ ಬಂದ ಕುಟುಂಬಗಳಿರುತ್ತವೆ. ಹಬ್ಬದ ದಿನ ಪ್ರಸಾದ ಕೊಡಲು ಹೋದಾಗ ಸುಮ್ನೆ ಗಮನಿಸಿ. ವಾರದ ಸಂತೆಗೆ ಇಡೀ ಕುಟುಂಬ ಒಟ್ಟಿಗೆ ಬರುತ್ತದಾ, ಇಲ್ಲ ಯಾವಾಗಲೂ ಒಬ್ಬರನ್ನು ಭಟ್ಟಿಯಲ್ಲೇ ಉಳಿಸಿಕೊಳ್ಳುತ್ತಾರಾ? ಕೂಲಿ ಕೈಗೆ ಬರುತ್ತದಾ, ಖರ್ಚಿಗೆ ಅಂತ ಚಿಲ್ಲರೆ ಮಾತ್ರ ಬರುತ್ತದಾ? ಮುಂಗಡ ತೀರುವವರೆಗೆ ಊರಿಗೆ ಬಿಡುವುದಿಲ್ಲ ಅಂತ ಯಾರಾದರೂ ಅಂದರಾ? ಮಕ್ಕಳು ಇಟ್ಟಿಗೆ ತಿರುಗಿಸುತ್ತಿದ್ದಾರಾ?

ಭಕ್ತರು ಮಾಡುವ ದೊಡ್ಡ ಎಡವಟ್ಟು ಇಲ್ಲೇ. ಪಾಪ ಅಂತ ಚಂದಾ ಎತ್ತಿ ಆ ಮುಂಗಡ ತೀರಿಸಲು ಹೋಗುತ್ತಾರೆ. ತೀರಿಸಬೇಡಿ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದು ರದ್ದಾಗಿದೆ. ಅದರ ಬಾಬ್ತು ಹಣ ತೆಗೆದುಕೊಳ್ಳುವುದೇ ಅಪರಾಧ. ನೀವು ಕೊಟ್ಟ ದುಡ್ಡಿನಲ್ಲಿ ಮಾಲೀಕ ಮುಂದಿನ ಕುಟುಂಬಕ್ಕೆ ಮುಂಗಡ ಕೊಡುತ್ತಾನೆ, ಅಷ್ಟೇ. ಇಸ್ಲಾಮಿನಲ್ಲಿ ಝಕಾತ್ ಕೊಡಬಹುದಾದ ಎಂಟು ಬಾಬ್ತುಗಳಲ್ಲಿ ಗುಲಾಮರ ಬಿಡುಗಡೆಯೂ ಒಂದು. ಆ ಹಣವನ್ನು ಬಿಡುಗಡೆಯಾದ ಕುಟುಂಬದ ಬಾಡಿಗೆಗೆ, ಮಕ್ಕಳ ಶಾಲೆಗೆ ಬಳಸಬಹುದೇ ಅಂತ ನಿಮ್ಮ ಉಲೇಮಾಗಳ ಹತ್ತಿರ ಕೇಳಿ.

ದೂರು ಕೊಡಬೇಕಾದ್ದು ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ. ಒಂದು ಹಾಳೆಯ ಅರ್ಜಿ ಸಾಕು. ಆರ್ಯ ಸಮಾಜದ ಸನ್ಯಾಸಿ ಸ್ವಾಮಿ ಅಗ್ನಿವೇಶ್ 1981ರಲ್ಲಿ ಜೀತದಾಳುಗಳ ಬಿಡುಗಡೆಗಾಗಿ ಬಂಧುವಾ ಮುಕ್ತಿ ಮೋರ್ಚಾ ಕಟ್ಟಿದರು. ಫರೀದಾಬಾದ್‌ನ ಕಲ್ಲು ಕ್ವಾರಿಗಳ ಬಗ್ಗೆ ಆ ಸಂಘಟನೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿ ಅಂತ ಪರಿಗಣಿಸಿತು.

ಹೆಜ್ಜೆ 7: ಅನುಮಾನ ಬಂದ ಹೊತ್ತಿನಲ್ಲಿ

ಮಗುವಾದರೆ 1098. ತುರ್ತು ಆದರೆ 112. ಹೆಂಗಸರ ಸಹಾಯವಾಣಿ 181. ಫೋನ್ ಮಾಡುವ ಮೊದಲು ನೋಡಿದ್ದನ್ನು ಬರೆದಿಟ್ಟುಕೊಳ್ಳಿ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಗಾಡಿ ನಂಬರ್. ಕೇಳಿದ್ದು ಬೇರೆ, ಕಂಡಿದ್ದು ಬೇರೆ ಅಂತ ಬೇರೆಬೇರೆಯಾಗಿ ಬರೆಯಿರಿ.

ಮಗು ಕಾಣೆಯಾಗಿದ್ದರೆ "ಎರಡು ದಿನ ನೋಡೋಣ" ಅನ್ನುವ ಮಾತಿಗೆ ಒಪ್ಪಬೇಡಿ. ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ಹಾಕಲೇಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ಝೀರೋ ಎಫ್‌ಐಆರ್ ಹಾಕಬಹುದು. ಪೋಷಕರು ಠಾಣೆಗೆ ಹೋಗಲು ಹೆದರಿದರೆ ಸ್ವಾಮಿಗಳೋ ಫಾದರ್ರೋ ಮುತವಲ್ಲಿಯೋ ಜೊತೆಗೆ ಹೋಗಲಿ. ಮಾತಾಡಬೇಕೆಂದೇನೂ ಇಲ್ಲ, ಪಕ್ಕದ ಕುರ್ಚಿಯಲ್ಲಿ ಕೂತರೂ ಸಾಕು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ. ಆ ಕಾಯ್ದೆಯಲ್ಲಿ ಧರ್ಮಗುರುಗಳಿಗೆ ವಿನಾಯಿತಿ ಇಲ್ಲ.

ಇನ್ನು ಮಾಡಬಾರದ ಕೆಲಸಗಳು. ನೀವೇ ಹುಡುಗರನ್ನು ಕಟ್ಟಿಕೊಂಡು ದಾಳಿ ಮಾಡಬೇಡಿ. ಸಾಕ್ಷ್ಯ ಹಾಳಾಗುತ್ತದೆ, ಉಳಿದವರನ್ನು ಅದೇ ರಾತ್ರಿ ಬೇರೆ ಕಡೆ ಸಾಗಿಸಿಬಿಡುತ್ತಾರೆ. ಹುಡುಗಿಯ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಸಂತ್ರಸ್ತ ಮಗುವಿನ ಗುರುತು ಬಯಲು ಮಾಡುವುದೂ ಅಪರಾಧ. ಮುಖ್ಯವಾಗಿ, ರಾಜಿ ಪಂಚಾಯಿತಿ ಬೇಡ. ಕಟ್ಟೆಯ ಮೇಲೆ ಹಿರಿಯರನ್ನು ಕೂರಿಸಿ "ಇಷ್ಟು ದುಡ್ಡು ಕೊಟ್ಟು ಮುಗಿಸು" ಅನ್ನುವುದು ನಮ್ಮ ಕಡೆ ಹಳೆಯ ರೂಢಿ. ಆ ದುಡ್ಡು ಬ್ರೋಕರ್‌ಗೆ ವ್ಯಾಪಾರದ ಖರ್ಚು ಮಾತ್ರ. ಅವನು ಜಾತ್ರೆಗೆ ದೊಡ್ಡ ದೇಣಿಗೆ ಕೊಡುವವನೂ ಆಗಿರಬಹುದು. ಅಂಥ ಸಂದರ್ಭದಲ್ಲಿ ದೇಣಿಗೆ ವಾಪಸ್ ಮಾಡುವ ಠರಾವನ್ನು ಸಮಿತಿ ಮೊದಲೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿರಲಿ. ಆಮೇಲೆ ಯಾರೊಬ್ಬರೂ ಒಂಟಿಯಾಗಿ ಮುಖ ಮುರಿದುಕೊಳ್ಳಬೇಕಾಗುವುದಿಲ್ಲ.

ಹೆಜ್ಜೆ 8: ವಾಪಸ್ ಬಂದ ಮೇಲೆ

ಬಿಡಿಸಿ ತಂದವರು ಮತ್ತೆ ಅದೇ ಜಾಲಕ್ಕೆ ಬೀಳಲು ಒಂದು ದೊಡ್ಡ ಕಾರಣ ಊರೇ. ಹುಡುಗಿ ಮನೆಗೆ ಬಂದ ವಾರವೇ ಪಿಸುಮಾತು ಶುರುವಾಗುತ್ತದೆ. ಅಣ್ಣನ ಮದುವೆಗೆ ಅಡ್ಡಿ ಅಂತಾರೆ, ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಇಲ್ಲಿ ಉಪದೇಶ ಮಾಡಬೇಡಿ. ಅವಳ ಹೆಸರೆತ್ತಿ ಕ್ಷಮೆ, ಕರುಣೆ ಅಂತ ಪ್ರವಚನವಂತೂ ಬೇಡವೇ ಬೇಡ. ಶುದ್ಧಿಯ ಹೋಮ ಮಾಡಿಸಿ ಅಂತ ಯಾರಾದರೂ ಹೇಳಿದರೆ ನಿಲ್ಲಿಸಿ, ಅವಳು ಮೈಲಿಗೆಯಾಗಿಲ್ಲ. ಬದಲಿಗೆ ಮುಂದಿನ ಪೂಜೆಗೆ ಹೂ ಕಟ್ಟುವವರ ಪಟ್ಟಿಯಲ್ಲಿ, ಕ್ವಾಯರ್‌ನಲ್ಲಿ, ದಾಸೋಹದ ಅಡುಗೆಯಲ್ಲಿ ಎಲ್ಲರ ಜೊತೆ ಅವಳ ಹೆಸರೂ ಇರಲಿ, ಅವಳಿಗೆ ಇಷ್ಟವಿದ್ದರೆ. ಅರ್ಚಕರ ಹೆಂಡತಿ ಅವಳ ಮನೆಗೆ ಹೋಗಿ ಕಾಫಿ ಕುಡಿದು ಬಂದರೆ ಊರಿಗೆ ಸಂದೇಶ ಮುಟ್ಟುತ್ತದೆ.

ಕಾಗದದ ಕೆಲಸ ಬೇಗ ಮಾಡಿಸಿ. ಸಾಗಾಣಿಕೆಗೆ ಒಳಗಾದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಸಂತ್ರಸ್ತರ ಪರಿಹಾರದ ಅರ್ಜಿಯೂ ಅಲ್ಲೇ. ಜೀತದಿಂದ ಬಿಡುಗಡೆಯಾದವರಿಗೆ ಅಧಿಕಾರಿಗಳು ಬಿಡುಗಡೆ ಪತ್ರ ಕೊಡಬೇಕು. ಅದನ್ನು ಕೈಗೆ ಪಡೆಯದೆ ಕಚೇರಿ ಬಿಟ್ಟು ಬರಬೇಡಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ. ಪೂರ್ತಿ ನೆರವು ವಯಸ್ಕ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಾಣಿಕೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಇದು ತಾನಾಗಿ ಬರುವುದಿಲ್ಲ, ತಂಡದ ಒಬ್ಬರು ತಿಂಗಳಿಗೊಮ್ಮೆ ತಾಲ್ಲೂಕು ಕಚೇರಿಗೆ ಹೋಗಿ ಕೇಳುತ್ತಿರಬೇಕು. ಬ್ಯಾಂಕ್ ಖಾತೆ ಅವಳ ಹೆಸರಿನಲ್ಲೇ ತೆರೆಸಿ, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ಅವಳ ಕೈಯಲ್ಲೇ ಇರಲಿ. ಗಂಡನ ಕೈಗೋ ಅಣ್ಣನ ಕೈಗೋ ಸಮಿತಿಯ ಕಪಾಟಿಗೋ ಹೋಗುವುದು ಬೇಡ.